ಶಿವರಾತ್ರಿ ಕಳೆದ ಮೇಲೆ ನೆಟ್ಟ ಆಲಿವ್

ಧರ್ಮಪುರದ ನಮ್ಮ ಹೊಲದ ಅಂಚಿನಲ್ಲಿ ಒಂದು ಆಲಿವ್ ಮರವಿದೆ. ಕಾಯಿ ಬಿಡದ ಮರ. ಅದನ್ನು ಕಂಡಾಗಲೆಲ್ಲ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಆಲಿವ್ ಸಸಿ ಹಂಚಲು ಬಂದ ಇಲಾಖೆಯ ಸಾಹೇಬರ ಕೈಯಲ್ಲಿ ಒಂದು ಕರಪತ್ರವಿತ್ತು. ಯಾವುದೋ ಚಳಿ ದೇಶದವರು ಬರೆದದ್ದು. ಕೊನೆಯ ಹಿಮ ಬಿದ್ದು ಮುಗಿದ ಮೇಲೆ ಸಸಿ ನೆಡಬೇಕಂತೆ. "ನಿಮ್ಮಲ್ಲಿ ಹಿಮ ಯಾವಾಗ ನಿಲ್ಲುತ್ತೆ?" ಎಂದು ಕೇಳಿದರು. ಹಿಮವಂತೆ! ನಮ್ಮ ಹೋಬಳಿಯಲ್ಲಿ ಅದನ್ನು ಕಂಡವರು ಯಾರು? ಹಾಗೆಂದೇ ಹೇಳಬೇಕಿತ್ತು. ಆದರೆ ಹಿರಿಯೂರಿನ ಕಾಲೇಜಿಗೆ ಹೋಗಿಬಂದಿದ್ದ ನನಗೆ ಗೊತ್ತಿಲ್ಲ ಎನ್ನಲು ನಾಚಿಕೆ. "ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗ್ತೈತೆ ಸಾರ್" ಎಂದುಬಿಟ್ಟೆ. ಅವರು ಅದನ್ನೇ ಬರೆದುಕೊಂಡರು.

ಕುರಿಹಟ್ಟಿಯಿಂದ ಅವ್ವ ಕೂಗಿದಳು: "ಲೇ, ಬಿಸ್ಲು ಏರೋ ಹೊತ್ನಾಗೆ ಯಾರಾದ್ರೂ ಸಸಿ ಇಡ್ತಾರೇನೋ? ಆರಿದ್ರ ಮಳೆ ಬೀಳ್ಲಿ, ತಡಿ."

ಸಾಹೇಬರು ನಕ್ಕರು. ನಾನೂ ನಕ್ಕೆ, ಥೂ.

ಜಾಗರಣೆಯ ಮರುದಿನವೇ ಗುಂಡಿ ತೋಡಿ ಹತ್ತೊಂಬತ್ತು ಸಸಿ ನೆಟ್ಟೆವು. ಇಪ್ಪತ್ತನೆಯದನ್ನು ಅವ್ವ ಕೊಡಲಿಲ್ಲ, ಹಟ್ಟಿಯ ನೆರಳಿನಲ್ಲಿ ಇಟ್ಟುಕೊಂಡಳು. ಬೈಯುತ್ತಲೇ ಉಳಿದವಕ್ಕೆ ದಿನವೂ ಕೊಡದಲ್ಲಿ ನೀರು ಹೊತ್ತಳು. ಯುಗಾದಿ ದಾಟುವಷ್ಟರಲ್ಲಿ ಆ ಹತ್ತೊಂಬತ್ತೂ ಒಣಗಿ ಕಡ್ಡಿಯಾದವು. ಸಾಹೇಬರು ಬಂದು ನೋಡಿ, "ರೈತರ ನಿರ್ಲಕ್ಷ್ಯ" ಎಂದು ಬರೆದುಕೊಂಡು ಹೋದರು. ಆ ಕೊಡ ಹೊತ್ತವಳು ನಿರ್ಲಕ್ಷ್ಯ ಮಾಡಿದಳಂತೆ!

ಜೂನ್ ಕೊನೆಗೆ ಆರಿದ್ರ ಮಳೆ ಹಿಡಿದ ದಿನ ಅವ್ವ ತನ್ನ ಸಸಿಯನ್ನು ಕುರಿಗೊಬ್ಬರ ಹಾಕಿ ನೆಟ್ಟಳು, ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟಿದಳು. ಎರಡು ಮಳೆಗಾಲದಲ್ಲಿ ಅದು ಎದೆಯುದ್ದ ಬೆಳೆಯಿತು.

ಸಾಹೇಬರು ಮತ್ತೆ ಬಂದರು. ಗಿಡದ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಯಾರನ್ನೂ ಏನೂ ಕೇಳದೆ ಫಾರಂ ತುಂಬಿ ನನ್ನ ಮುಂದೆ ಹಿಡಿದರು. ನಾನು ರುಜು ಹಾಕಿದೆ. ಒಂದು ಪ್ರತಿ ಕೊಟ್ಟು ಜೀಪಿನತ್ತ ನಡೆದರು.

"ಏನ್ ಬರ್ದವ್ರೆ, ಓದು" ಎಂದಳು ಅವ್ವ.

ಓದಿದೆ: "ಸೂಚನೆಯಂತೆ ಶಿವರಾತ್ರಿಯ ನಂತರ ನೆಟ್ಟ ಸಸಿ."

"ನಾನು ಇಟ್ಟಿದ್ದು ಆರಿದ್ರಕ್ಕೆ. ಅದನ್ನ ಹೇಳಾಕೆ ನಿನ್ ಬಾಯಿಗೆ ಏನಾಗಿತ್ತು?"

ಜೀಪು ಇನ್ನೂ ಬದುವಿನ ಹತ್ತಿರವೇ ಇತ್ತು. ನಾನು ಕರೆಯಲಿಲ್ಲ.