ಸಂಕಪ್ಪಣ್ಣನ ಮೂಗಿನ ಹಿಂದೆ

ಸಂಕಪ್ಪ ಹೊಗೆಯ ಮೇಲೆ ಬಾಗಿ ಕಣ್ಣು ಮುಚ್ಚಿದನೆಂದರೆ ಫೌಸ್ಟಿನನ ಹೊಟ್ಟೆಯಲ್ಲಿ ಕಿಚ್ಚು ಬೀಳುತ್ತಿತ್ತು.

ಇಬ್ಬರೂ ಗಲ್ಫಿನಲ್ಲಿ, ಮಸ್ಕತ್ ಕಡೆಯ ಸುವೈಕ್ ಪೇಟೆಯಲ್ಲಿ ಹಮೂದ್ ಎಂಬವರ ಅತ್ತರಿನ ಅಂಗಡಿಯಲ್ಲಿದ್ದರು. ಸಂಕಪ್ಪ ಪಡುಬಿದ್ರಿ ಕಡೆಯವನು. ಎಂಬತ್ತರ ದಶಕದ ಆರಂಭದಲ್ಲಿ ನೆಲ ಒರೆಸುವ ಕೆಲಸಕ್ಕೆ ಬಂದವನು, ಕೆಲವೇ ವರ್ಷಗಳಲ್ಲಿ ಬಖೂರ್ ಬೆರೆಸುವವನಾದ. ಬಖೂರ್ ಎಂದರೆ ಗುಲಾಬಿ, ಊದ್ ಎಂಬ ಅಗರು ಮೊದಲಾದ ಪರಿಮಳದ ಎಣ್ಣೆಗಳಲ್ಲಿ ನೆನೆಸಿದ ಮರದ ಚೂರು. ಅದನ್ನು ಕೆಂಡದ ಮೇಲೆ ಹಾಕಿ ಮನೆಗೆ, ಬಟ್ಟೆಗೆ ಹೊಗೆ ಹಿಡಿಯುವುದು ಅಲ್ಲಿಯ ಪದ್ಧತಿ. ಮದುವೆ ಗೊತ್ತಾದ ಮನೆಯ ಹೆಂಗಸರು ಬಾಗಿಲಲ್ಲೇ ‘ಸಂಕಪ್ಪ ಇದ್ದಾನಾ?’ ಎಂದು ಕೇಳುತ್ತಿದ್ದರು. ‘ಫೌಸ್ಟಿನ್ ಇದ್ದಾನಾ?’ ಎಂದು ಕೇಳಿದವರಿಲ್ಲ.

ಫೌಸ್ಟಿನ್ ಮಂಗಳೂರಿನಲ್ಲಿ ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವನು. ಗುಲಾಬಿ ಎಣ್ಣೆಯಲ್ಲಿ ಯಾವ ಯಾವ ದ್ರವ್ಯಗಳಿವೆ, ಯಾವುದು ಮೊದಲು ಆವಿಯಾಗುತ್ತದೆ ಎಂದೆಲ್ಲ ಅವನಿಗೆ ಗೊತ್ತಿತ್ತು. ಮೂಸಿದರೆ ಮಾತ್ರ ‘ಗುಲಾಬಿ’ ಎಂದಷ್ಟೇ ತಿಳಿಯುತ್ತಿತ್ತು. ಅದನ್ನೇ ಮೂಸಿದಾಗ ಸಂಕಪ್ಪನ ಮುಖ, ಸಾಯಂಕಾಲ ಸಮುದ್ರದ ಕಡೆಯ ಕಿಟಕಿ ತೆರೆದ ಕೋಣೆಯ ಹಾಗೆ ಆಗುತ್ತಿತ್ತು. ಅವನಿಗೆ ಒಳಗೆ ಏನು ಸಿಗುತ್ತದೆ? ನನಗೆ ಯಾಕೆ ಸಿಗುವುದಿಲ್ಲ?

ಈ ಉರಿಗೆ ಔಷಧಿ ಹುಡುಕಿದವನಂತೆ ಅವನು ಮಸ್ಕತ್ತಿನ ರುವಿಯಲ್ಲಿ ಕೊಂಡ ಒಂದು ಹಳೆಯ ತತ್ತ್ವಶಾಸ್ತ್ರದ ಪುಸ್ತಕ ಓದುತ್ತಿದ್ದ. ಅರಿವಿಗೂ ಜಡವಸ್ತುವಿಗೂ ಏನು ಸಂಬಂಧ ಎಂಬುದು ಅದರ ವಿಷಯ. ಅರಿವೆಂದರೆ ಮಿದುಳಿನ ಕೆಲಸವೇ, ಬೇರೇನಲ್ಲ ಎಂದಿತು ಒಂದು ವಾದ. ಹಾಗಾದರೆ ಸಂಕಪ್ಪನದು ಒಳ್ಳೆಯ ವೈರಿಂಗ್ ಅಷ್ಟೇ ಎಂದು ಫೌಸ್ಟಿನ್ ಸಮಾಧಾನಪಟ್ಟುಕೊಂಡ. ಅದು ಒಂದು ದಿನವೂ ಬಾಳಲಿಲ್ಲ. ದೇಹ ಬೇರೆ, ಆತ್ಮ ಬೇರೆ ಎಂದಿತು ಇನ್ನೊಂದು. ಹಾಗಾದರೆ ದೇವರು, ಪ್ರತಿವಾರ ಚರ್ಚಿನ ಪೂಜೆಗೆ ಹೋಗುವ ತನ್ನನ್ನು ಬಿಟ್ಟು ಆ ಸಂಕಪ್ಪನಿಗೆ ಸವಿಯುವ ಆತ್ಮ ಕೊಟ್ಟದ್ದೇಕೆ? ಮೂರನೆಯ ವಾದದಂತೆ ಕಣಕಣದಲ್ಲೂ ಅರಿವಿನ ತುಣುಕಿದೆ. ಡಬ್ಬದಲ್ಲಿದ್ದ ಲೋಬಾನದ ಹರಳುಗಳನ್ನು ನೋಡಿದ ಫೌಸ್ಟಿನನಿಗೆ ಅವು ಕೂಡ ಸಂಕಪ್ಪನ ಪಕ್ಷವೇ ಅನ್ನಿಸಿತು.

ಉರಿ ಹೆಚ್ಚಿಸುವ ಸಂಗತಿ ಇನ್ನೊಂದಿತ್ತು. ಕಳೆದ ಒಂದು ವರ್ಷದಿಂದ ಸಂಕಪ್ಪ ಯಾವ ಬಖೂರ್ ಬೆರೆಸಿದರೂ ಮೊದಲ ಹೊಗೆಯನ್ನು ಫೌಸ್ಟಿನನ ಮೂಗಿಗೆ ಹಿಡಿಯುತ್ತಿದ್ದ.

“ಹೇಗುಂಟು ಪೊರ್ಬುಗಳೇ?”

ತುಳುವರು ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ. ಆದರೂ ಫೌಸ್ಟಿನನಿಗೆ ಅದು ಚುಚ್ಚುತ್ತಿತ್ತು.

“ಒಳ್ಳೇದುಂಟು ಸಂಕಪ್ಪಣ್ಣ.”

“ಒಳ್ಳೇದಾ? ಸರಿ.” ಎಂದವನು ಅವನ ಮುಖ ನೋಡಿ, ಇನ್ನೆರಡು ಹನಿ ಏನನ್ನೋ ಬೆರೆಸಿ, ಮತ್ತೆ ಹೊಗೆ ಹಿಡಿದು, ಕೊನೆಗೆ ತಾನು ಬಾಗಿ ಕಣ್ಣು ಮುಚ್ಚುತ್ತಿದ್ದ. ಪೆದ್ದನಿಗೆ ಮೊದಲು ತೋರಿಸಿ, ಅವನಿಗೆ ತಿಳಿಯದ ತಪ್ಪನ್ನು ಅವನೆದುರೇ ತಿದ್ದುವ ಹಮ್ಮು ಇದು ಎಂದು ಫೌಸ್ಟಿನ್ ಲೆಕ್ಕ ಹಾಕಿದ್ದ.

ತೊಂಬತ್ತೆರಡರಲ್ಲಿ ಹಮೂದ್ ಅವರು ಅಮೇರಾತ್ ಎಂಬ ಊರಿನಲ್ಲಿ ಹೊಸ ಅಂಗಡಿಗೆ ಜಾಗ ಹಿಡಿದರು. ಅಲ್ಲಿ ಬೆರೆಸುವವನಿಗೆ ಮನೆ ಸಿಗುತ್ತದೆ, ಫ್ಯಾಮಿಲಿ ವೀಸಾ ಸಿಗುತ್ತದೆ. ಫೌಸ್ಟಿನನ ಹೆಂಡತಿ ಐಡಾ ಮಗಳ ಜೊತೆ ಊರಿನಲ್ಲಿ, ಶಿರ್ವದಲ್ಲಿದ್ದಳು. ಮಗಳು ಅಪ್ಪನನ್ನು ಫೋಟೋದಲ್ಲಿ ಗುರುತಿಸುತ್ತಿದ್ದಳು, ಎದುರು ಬಂದರೆ ಹೆದರುತ್ತಿದ್ದಳು. ಹಮೂದ್ ತಮ್ಮ ಮಗಳ ಮದುವೆಯ ಬಖೂರ್ ನೋಡಲು ಒಂದು ಸಾಯಂಕಾಲ ಬರುವವರಿದ್ದರು. ಅದು ಯಾರ ಕೈಯದೋ ಅವನಿಗೇ ಅಮೇರಾತ್. ಫೌಸ್ಟಿನ್ ಆಸೆ ಬಿಟ್ಟಿದ್ದ.

ಹಮೂದ್ ಬರುವ ದಿನ, ಮಧ್ಯಾಹ್ನದ ವಿರಾಮ ಮುಗಿಸಿ ಫೌಸ್ಟಿನ್ ಅಂಗಡಿಗೆ ಬಂದಾಗ ಸಂಕಪ್ಪ ಮೊದಲೇ ಬಾಗಿಲು ತೆರೆದು ಒಳಗಿದ್ದ. ಫೌಸ್ಟಿನ್ ಹೊಸ್ತಿಲು ದಾಟಿದ್ದೇ ಗಕ್ಕನೆ ನಿಂತ. ಅತ್ತರುಗಳನ್ನೆಲ್ಲ ಮೀರಿದ ಗ್ಯಾಸಿನ ನಾತ! ಹಿಂದಿನ ಕೋಣೆಯಲ್ಲಿ ಸಂಕಪ್ಪ ಇದ್ದಿಲು ಹೊತ್ತಿಸಲು ಒಲೆಯ ಮುಂದೆ ಕುಳಿತು, ಏನೋ ಗುನುಗುತ್ತಾ ಬೆಂಕಿಪೊಟ್ಟಣ ತೆರೆಯುತ್ತಿದ್ದ.

ಫೌಸ್ಟಿನ್ ಹಾರಿಬಿದ್ದು ಅವನ ಕೈ ಹಿಡಿದ.

“ಎಂಥದು ಮಾರಾಯ್ರೆ!”

“ಕಡ್ಡಿ ಗೀರಬೇಡಿ! ಲೈಟ್ ಹಾಕಬೇಡಿ! ನಿಮಗೆ ಗ್ಯಾಸ್ ವಾಸನೆ ಬರುವುದಿಲ್ಲವಾ?”

ಸಿಲಿಂಡರ್ ಬಂದ್ ಮಾಡಿ, ಬಾಗಿಲುಗಳನ್ನು ತೆರೆದಿಟ್ಟು, ಇಬ್ಬರೂ ಹೊರಗೆ ಬಿಸಿಲಲ್ಲಿ ನಿಂತರು. ಕಳಚಿಕೊಂಡಿದ್ದು ಒಲೆಯ ರಬ್ಬರ್ ನಳಿಗೆ.

“ಹೋದ ವರ್ಷ ಜ್ವರ ಬಂದಿತ್ತಲ್ಲ ನನಗೆ,” ಎಂದ ಸಂಕಪ್ಪ. “ಜ್ವರ ಬಿಟ್ಟಿತು. ಹೋಗುವಾಗ ಮೂಗನ್ನು ತಕ್ಕೊಂಡು ಹೋಯಿತು.”

“ಅಂದರೆ? ಏನೂ ಬರುವುದಿಲ್ಲ?”

“ಏನೂ ಇಲ್ಲ.”

“ಸುಳ್ಳು. ಮೊನ್ನೆ ಆ ಮದುವೆಮನೆಯ ಬಖೂರ್ ನೀವೇ ಅಲ್ಲವಾ ಬೆರೆಸಿದ್ದು? ಅವರು ಅದನ್ನು ತಲೆ ಮೇಲೆ ಹೊತ್ತುಕೊಂಡು ಹೋಗುವುದೊಂದು ಬಾಕಿ!”

“ನಾನು ಬೆರೆಸಿದ್ದು ನಿಮ್ಮ ಮುಖ ನೋಡಿ,” ಎಂದ ಸಂಕಪ್ಪ. “ಗುಲಾಬಿ ಹೆಚ್ಚಾದರೆ ನಿಮ್ಮ ಎಡಗಡೆ ಹುಬ್ಬು ಏಳುತ್ತದೆ. ಊದ್ ಎಣ್ಣೆ ಹೆಚ್ಚಾದರೆ ಗದ್ದ ಹಿಂದೆ ಹೋಗುತ್ತದೆ. ನಿಮಗೇ ಗೊತ್ತಿಲ್ಲ. ಬಾಯಲ್ಲಿ ಮಾತ್ರ ಯಾವಾಗಲೂ ಒಳ್ಳೇದುಂಟು, ಒಳ್ಳೇದುಂಟು!”

ಫೌಸ್ಟಿನನಿಗೆ ಸಿಟ್ಟು ಬರಬೇಕಿತ್ತು, ನಗು ಬರಬೇಕಿತ್ತು. ಎರಡೂ ಬರಲಿಲ್ಲ. ವರ್ಷವಿಡೀ ಅವನು ಕರುಬಿದ್ದು ತನ್ನದೇ ಮೂಗಿನ ಮೇಲೆ.

“ಪ್ರತಿ ಸಲ ನಿಮ್ಮ ಹುಬ್ಬು ಎದ್ದಾಗ ನನಗೆ ಹೊಟ್ಟೆ ಉರಿಯುತ್ತಿತ್ತು ಪೊರ್ಬುಗಳೇ,” ಎಂದ ಸಂಕಪ್ಪ. “ಇವರಿಗೆ ಇಷ್ಟು ಸಿಗುತ್ತದೆ, ಇವರಿಗೆ ಅದರ ಬೆಲೆಯೇ ಇಲ್ಲ ಅಂತ.”

ಸಾಯಂಕಾಲ ಹಮೂದ್ ಬಂದು ಕುಳಿತರು. “ಯಲ್ಲಾ ಸಂಕಪ್ಪ, ಶುರು ಮಾಡು,” ಎಂದರು. ಸಂಕಪ್ಪ ಚೂರೊಂದನ್ನು ಕೆಂಡದ ಮೇಲೆ ಹಾಕಿ, ಎಂದಿನಂತೆ ಹೊಗೆಯನ್ನು ಫೌಸ್ಟಿನನಿಗೆ ಹಿಡಿದು ಮುಖ ನೋಡಿದ.

ಮುಖವನ್ನು ಕಲ್ಲಿನಂತೆ ಇಟ್ಟುಕೊಂಡರೆ ಸಾಕಿತ್ತು, ಸಂಕಪ್ಪನ ಬೆರಕೆ ಕೆಟ್ಟು ಅಮೇರಾತ್ ತನ್ನದಾಗುತ್ತಿತ್ತು. ಯಾರೂ ತಪ್ಪು ಹೊರಿಸುವಂತಿರಲಿಲ್ಲ. ಶಿರ್ವದಿಂದ ಐಡಾ, ಮಗಳು ವಿಮಾನ ಹತ್ತುತ್ತಿದ್ದರು. ಅದನ್ನು ಯೋಚಿಸಿದ್ದರಿಂದಲೋ ಏನೋ, ಮುಖ ನಿಜವಾಗಿಯೇ ಬಿಗಿದುಕೊಂಡಿತು. ಯಾವ ಹುಬ್ಬೂ ಏಳಲಿಲ್ಲ. ಸಂಕಪ್ಪ ಹೊಗೆಯನ್ನು ಇನ್ನಷ್ಟು ಹತ್ತಿರ ಹಿಡಿದಾಗ ಫೌಸ್ಟಿನ್ ಮೊದಲ ಸಲ ಗಮನವಿಟ್ಟು ಮೂಸಿದ.

“ಗುಲಾಬಿ ಹೆಚ್ಚಾಯಿತು ಅಣ್ಣ,” ಎಂದ ಫೌಸ್ಟಿನ್. “ಊದ್ ಎರಡು ಹನಿ ಹಾಕಿ.”

ಸಂಕಪ್ಪ ಹಾಕಿದ. ಮತ್ತೆ ಹಿಡಿದ.

“ಇನ್ನೊಂದು ಹನಿ. ಹಾಂ, ಈಗ ಸರಿ.”

ಹಮೂದ್ ಹೊಗೆಯನ್ನು ಗಡ್ಡಕ್ಕೆ ಎಳೆದುಕೊಂಡು ತಲೆದೂಗಿದರು. ಅಮೇರಾತ್‌ನ ಮಾತು ತೆಗೆಯುವಷ್ಟರಲ್ಲಿ ಸಂಕಪ್ಪನೇ ಬಾಯಿ ಹಾಕಿದ. “ಅರ್ಬಾಬ್, ನನ್ನನ್ನು ಇಲ್ಲೇ ಬಿಡಿ. ಇಲ್ಲಿಯ ಹೆಂಗಸರನ್ನು ಎಷ್ಟೋ ವರ್ಷದಿಂದ ಬಲ್ಲೆ, ಅವರ ಕಣ್ಣು ನೋಡಿದರೆ ನನಗೆ ಸಾಕು. ಹೊಸ ಊರಿಗೆ ಮೂಗು ಬೇಕು. ಇವರನ್ನು ಕಳಿಸಿ.”

ಹಮೂದ್ ಇಬ್ಬರನ್ನೂ ಒಮ್ಮೆ ನೋಡಿದರು. “ಖಲಾಸ್,” ಎಂದು ಮಾತು ಮುಗಿಸಿ, ಒಪ್ಪಿಗೆಯಿಂದ ತಲೆಯಾಡಿಸಿ ಎದ್ದರು.

ಅವರು ಹೋದ ಮೇಲೆ ಕೆಂಡದ ಮೇಲಿದ್ದ ಚೂರು ಇನ್ನೂ ಹೊಗೆಯಾಡುತ್ತಿತ್ತು. ಸಂಕಪ್ಪ ಅದರ ಮೇಲೆ ಬಾಗಿ, ಎಂದಿನಂತೆ ಕಣ್ಣು ಮುಚ್ಚಿದ. ಮುಖ ನಿಧಾನವಾಗಿ ಅದೇ ಕಿಟಕಿ ತೆರೆದ ಕೋಣೆಯಾಯಿತು.

“ನಿಮಗೆ ವಾಸನೆಯೇ ಇಲ್ಲವಲ್ಲ,” ಎಂದ ಫೌಸ್ಟಿನ್. “ಈಗ ಒಳಗೆ ಎಂಥ ಉಂಟು?”

“ಹೇಳಿದರೆ ನಿಮಗೆ ಸಿಗುತ್ತದಾ ಪೊರ್ಬುಗಳೇ?” ಸಂಕಪ್ಪ ಕಣ್ಣು ತೆರೆಯಲಿಲ್ಲ.

ಫೌಸ್ಟಿನ್ ಅಲ್ಲೇ ನಿಂತ. ಅಮೇರಾತ್ ಅವನದಾಗಿತ್ತು, ಮೂಗು ಅವನದೇ ಆಗಿತ್ತು. ಆದರೂ ಆ ಮುಚ್ಚಿದ ಕಣ್ಣುಗಳನ್ನು ನೋಡುತ್ತಿದ್ದಂತೆ ಹೊಟ್ಟೆಯೊಳಗೆ ಹಳೆಯ ಕಿಚ್ಚು ಮೆಲ್ಲಗೆ ಹೊತ್ತಿಕೊಂಡಿತು.