ಹಾರ್ಯು ಗುಡ್ಡದಲ್ಲಿ ಹಗ್ಗ ಬೆಸೆಯುವ ಐಲಿ

ಶುಕ್ರವಾರದ ಬೆಳಗಿನ ಜಾವ. ಹಾರ್ಯು ಗುಡ್ಡದ ಬುಡದಲ್ಲಿ ಆಗಲೇ ಐಲಿ ತಕ್ಕಾಲಾ ಅವರ ಸೌನಾ ಎಂಬ ಹಬೆಸ್ನಾನದ ಕೋಣೆಯಿಂದ ಹೊಗೆ ಏಳುತ್ತಿದೆ. ಊರವರೆಲ್ಲ ಶನಿವಾರ ಸಂಜೆ ಬೆವರಿಳಿಸಿ ಮೀಯಲು ಸೌನಾ ಕಾಯಿಸಿದರೆ ಐಲಿ ಕಾಯಿಸುವುದು ಹಗ್ಗಕ್ಕಾಗಿ. ಚಳಿಗೆ ಸಲಾಕೆಯಂತೆ ಸೆಟೆದುಕೊಂಡ ದಪ್ಪ ಹಗ್ಗದ ಎರಡು ತುದಿಗಳನ್ನು ಒಳಗೆ ತಂದು ಮೆತ್ತಗಾಗಿಸಿ, ಎಳೆ ಬಿಚ್ಚಿ, ಒಂದರೊಳಗೊಂದು ಹೆಣೆದು ಬೆಸೆಯುತ್ತಾರೆ.

"ಹಗ್ಗಾನೂ ನಮ್ಮ ವೇಯ್ಕೊ ಥರಾನೇ. ಬೆಚ್ಚಗಾಗೋವರ್ಗೂ ಮಾತು ಕೇಳಲ್ಲ" ಎಂದು ಒಲೆಗೆ ಸೌದೆ ತುರುಕುತ್ತಿರುವ ತಮ್ಮನನ್ನು ಚುಚ್ಚುತ್ತಾರೆ.

ಸುಪೀರಿಯರ್ ಸರೋವರದ ಈ ದಂಡೆಯಲ್ಲಿ ನಮ್ಮ ಗುಡ್ಡದ ಹೆಸರೆತ್ತಿದರೆ ಈಗಲೂ ಕೆಲವರು ಮುಸಿಮುಸಿ ನಗುತ್ತಾರೆ. ಐಲಿ ಚಿಕ್ಕವರಿದ್ದಾಗ ಕಂಪನಿಯೊಂದು ಬಂದು ಸ್ಕೀ ಆಡುವವರನ್ನು ಗುಡ್ಡದ ತುದಿಗೆ ಒಯ್ಯುವ ಐದು ಲಿಫ್ಟು, ದೊಡ್ಡ ಹೋಟೆಲು ಎಂದು ಬಣ್ಣದ ನಕ್ಷೆ ಹರಡಿತ್ತು. ಮರ ಕಡಿದರು, ಕಂಬಗಳಿಗೆ ಕಾಂಕ್ರೀಟಿನ ಬುಡ ಕೂರಿಸಿದರು, ಆಮೇಲೆ ಗಂಟುಮೂಟೆ ಕಟ್ಟಿದರು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನೋಣವೆಂದರೆ ಇಲ್ಲಿ ಇಲಿಯೂ ಸಿಗಲಿಲ್ಲ. ಬೋಳಾದ ಇಳಿಜಾರು ನೋಡಲಾಗದೆ ಐಲಿಯ ಅಪ್ಪ ಹಳೇ ಲಾರಿಯ ಎಂಜಿನ್ನಿಗೆ ಹಗ್ಗದ ಬಳೆ ಕಟ್ಟಿ ಓಡಿಸಿದರು. ಹಗ್ಗ ಹಿಡಿದು ನಿಂತ ಮಕ್ಕಳನ್ನು ಅದು ಸ್ಕೀ ಸಮೇತ ಮೇಲಕ್ಕೆ ಎಳೆದೊಯ್ಯುತ್ತದೆ. ಅಪ್ಪ ತೀರಿಕೊಂಡ ಮೇಲೆ ಐಲಿಯದೇ ಹೊಣೆ. ವಾರವೆಲ್ಲ ಶಾಲೆಯ ಅಡುಗೆಮನೆ, ಶನಿವಾರ ಗುಡ್ಡ; ಇವತ್ತು ಹಗ್ಗಕ್ಕೆಂದೇ ರಜೆ ಹಾಕಿದ್ದಾರೆ. ಒಳ್ಳೆಯ ಹಿಮ ಬಿದ್ದ ದಿನ ಎಂಬತ್ತು ಮಕ್ಕಳಾದರೂ ಬರುತ್ತಾರೆ.

ಕಳೆದ ಚಳಿಗಾಲ ಹಿಮವೇ ಬೀಳದೆ ಹಗ್ಗ ಒಂದು ದಿನವೂ ಓಡಲಿಲ್ಲ. ಈ ಸಲ ಹಿಮವೇನೋ ಬಿದ್ದಿದೆ, ಹಗ್ಗ ಹರಿದಿದೆ. ಈ ಶನಿವಾರವೂ ಓಡದಿದ್ದರೆ ಮಕ್ಕಳನ್ನು ಇನ್ನು ಮುಂದೆ ದೂರದ ದೊಡ್ಡ ಗುಡ್ಡಕ್ಕೇ ಕಳಿಸುವುದಾಗಿ ಶಾಲೆ ಹೇಳಿಬಿಟ್ಟಿದೆ.

"ಅಲ್ಲಿ ರೂಢಿಯಾದ್ರೆ ಮುಗೀತು. ಮಕ್ಳಿಲ್ಲದೆ ಈ ಹಗ್ಗ ಯಾರನ್ನ ಎಳೀಬೇಕು, ನನ್ನನ್ನಾ?" ಎನ್ನುವಾಗ ಐಲಿಯ ಕೈ ಮಾತ್ರ ನಿಲ್ಲುವುದಿಲ್ಲ.

ಮಧ್ಯಾಹ್ನ ಕಳೆದು ಬೆಸುಗೆ ಮುಗಿಯುತ್ತದೆ. ಎಲ್ಲಿ ಕೂಡಿಸಿದ್ದೆಂದು ಬೆರಳಿಗೂ ತಿಳಿಯದಷ್ಟು ನಯ. ಹಗ್ಗ ಹೊರಗೆಳೆಯಲು ಹೋದ ವೇಯ್ಕೊ ಬಾಗಿಲಲ್ಲೇ ನಿಂತುಬಿಡುತ್ತಾರೆ.

"ಐಲಿ, ಒಂದು ತುದೀನ ನಾನು ಕಿಟಕಿಯಿಂದ ಕೊಟ್ಟಿದ್ದೆ."

"ಯಾಕೋ? ಯಾವಾಗ್ಲೂ ಎರಡೂ ಬಾಗಿಲಿಂದ್ಲೇ ತಾನೇ?"

"ಬಾಗಿಲು ಜಾಸ್ತಿ ತೆರೆದ್ರೆ ಶಾಖ ಹೋಗುತ್ತೆ ಅಂತ ನೀನೇ ಬೈದ್ಯಲ್ಲ."

ಕಿಟಕಿಯಿಂದ ಒಳಬಂದು ಬಾಗಿಲಿಂದ ಹೊರಹೋದ ಹಗ್ಗ ಈಗ ತುದಿಯಿಲ್ಲದ ಬಳೆ. ಎರಡರ ನಡುವಿನ ಗೋಡೆ ಅದರೊಳಗೆ ಸಿಕ್ಕಿಕೊಂಡಿದೆ. ಊರಿನ ಪತ್ರಿಕೆಗೆ ಬರೆಯಲೆಂದು ಬಂದು ಅಲ್ಲೇ ಕೂತು ಕಾಫಿ ಹೀರುತ್ತಿದ್ದ ನನಗೂ ಇದು ಹೊಳೆದಿರಲಿಲ್ಲ.

"ಹಗ್ಗಾನೇ ಕತ್ತರಿಸೋಣ" ಎನ್ನುತ್ತಾರೆ ವೇಯ್ಕೊ.

"ಕತ್ತರಿಸಿದ್ರೆ ಮತ್ತೆ ಬೆಸೆಯೋಕೆ ಉದ್ದ ಎಲ್ಲಿದೆ? ಈಗ್ಲೇ ಬಿಗಿಯಾಗಿದೆ."

ಐಲಿ ಗೋಡೆಯ ಮೇಲೆ ಅಂಗೈ ಊರಿ ನಿಲ್ಲುತ್ತಾರೆ. ಅವರಜ್ಜ ಕಟ್ಟಿದ ದಿಮ್ಮಿಯ ಗೋಡೆ. ಅಮ್ಮ ಇವರಿಬ್ಬರನ್ನೂ ಹೆತ್ತದ್ದು ಈ ಸೌನಾದಲ್ಲೇ, ಅಪ್ಪನ ಹೆಣಕ್ಕೆ ಸ್ನಾನ ಮಾಡಿಸಿದ್ದೂ ಇಲ್ಲೇ. ನಮ್ಮವರು ಮನೆ ಮಾರಿಯಾರು, ಸೌನಾದ ಒಂದು ಹಲಗೆ ಕೀಳಲಾರರು.

"ವೇಯ್ಕೊ, ಗರಗಸ ತಾ."

"ತಲೆ ನೆಟ್ಟಗಿದ್ಯಾ ನಿಂಗೆ? ಅಜ್ಜಂದು ಕಣೇ ಇದು."

"ಅಜ್ಜ ನಾಳೆ ಸ್ಕೀ ಮಾಡೋಕೆ ಬರಲ್ಲ. ತಾ ಅಂದೆ."

ಕಿಟಕಿಯಿಂದ ಬಾಗಿಲಿನವರೆಗೆ ಹಗ್ಗ ತೂರುವಷ್ಟು ಅಗಲದ ಸೀಳನ್ನು ಐಲಿ ತಾವೇ ಕೊಯ್ಯುತ್ತಾರೆ, ಯಾರ ಕೈಗೂ ಗರಗಸ ಕೊಡುವುದಿಲ್ಲ. ಕೊನೆಗೆ ಹಗ್ಗ ಹೊರಬಿದ್ದಾಗ ಕಣ್ಣೊರೆಸಿಕೊಂಡು, ಮರದ ಪುಡಿ ಎಂದು ಸಬೂಬು ಹೇಳುತ್ತಾರೆ.

ಶನಿವಾರ ಬೆಳಿಗ್ಗೆ ಶಾಲೆಯ ಎರಡು ಬಸ್ಸುಗಳೂ ಬರುತ್ತವೆ. ಎಂಜಿನ್ ಒಂದೆರಡು ಸಲ ಕೆಮ್ಮಿ ಗುಡುಗುತ್ತದೆ. ಬಣ್ಣಬಣ್ಣದ ಟೋಪಿಗಳು ಒಂದರ ಹಿಂದೊಂದು ಗುಡ್ಡ ಹತ್ತುತ್ತವೆ. ಸಂಜೆ ಸೌನಾಕ್ಕೆ ಬಂದ ನೆರೆಯ ಹೆಂಗಸರು ಸೀಳಿನಿಂದ ನುಗ್ಗುವ ಗಾಳಿಗೆ ಬೆನ್ನೊಡ್ಡಿ, "ಐಲಿ, ನಿನ್ನ ಸೌನಾದಲ್ಲಿ ನೆಗಡಿ ಪುಕ್ಕಟೆ ಕಣೇ" ಎಂದು ಗೇಲಿ ಮಾಡುತ್ತಾರೆ. ಐಲಿ ನಕ್ಕು, ಹಬೆ ಏಳಲೆಂದು ಒಲೆಯ ಕಾದ ಕಲ್ಲಿನ ಮೇಲೆ ಇನ್ನೊಂದು ಸೌಟು ನೀರು ಸುರಿಯುತ್ತಾರೆ.

ಗೋಡೆಯ ಕಥೆ ಬರೆಯಲೇ ಎಂದು ಹೊರಡುವಾಗ ಕೇಳುತ್ತೇನೆ.

"ಗೋಡೆ ವಿಷ್ಯ ನಿನ್ನಿಷ್ಟ" ಎನ್ನುತ್ತಾರೆ. "ಶನಿವಾರ ಗುಡ್ಡ ತೆರೆದಿತ್ತು ಅಂತ ಮಾತ್ರ ತಪ್ಪದೆ ಬರಿ."