ಹೆಲಿಕಾಪ್ಟರ್ ಸ್ವಾಮಿ

ನಮ್ಮ ಭಾವ ಗುರುಪಾದಸ್ವಾಮಿಗೆ ನಮ್ಮೂರು ಹಂಗಳದಲ್ಲಿ ಹೆಲಿಕಾಪ್ಟರ್ ಸ್ವಾಮಿ ಅಂತಲೇ ಹೆಸರು. ವಾಯುಸೇನೆಯಲ್ಲಿ ಹೆಲಿಕಾಪ್ಟರ್ ರಿಪೇರಿ ಮಾಡುವವರು ಅಂತ ನಂಬಿಯೇ ನಮ್ಮಪ್ಪ ಅಕ್ಕ ಶಾಂತಮಲ್ಲಮ್ಮನನ್ನು ಕೊಟ್ಟಿದ್ದು. ನಿಜ ಏನಪ್ಪಾ ಅಂದರೆ, ಆ ಪುಣ್ಯಾತ್ಮ ಅಲ್ಲಿ ಅಡುಗೆಯವರು! ದಿನಾ ಕೋಳಿ, ಕುರಿ ಬೇಯಿಸಿದವರು. ಮೈಮೇಲೆ ಲಿಂಗ ಇರುವವರು ಆ ಮಾತನ್ನು ನಮ್ಮೂರಲ್ಲಿ ಹೇಗೆ ಆಡುತ್ತಾರೆ ಹೇಳಿ? ಬಾಯಿ ಬಿಟ್ಟರೆ ಬಣ್ಣಗೇಡು. ಸುಳ್ಳು ಹೇಳಿಬಿಟ್ಟರು. ಹೆಲಿಕಾಪ್ಟರೇ ಹುಡುಕಿಕೊಂಡು ಬರುತ್ತದೆ ಅಂತ ಯಾರು ಕನಸು ಕಂಡಿದ್ದರು?

ಬಂತು. ಯೋಧರ ನೆನಪಿಗೆ ಪ್ರದರ್ಶನಕ್ಕಿಡಲು ಅಂತ ಗುಂಡ್ಲುಪೇಟೆಯ ಮಾಜಿ ಸೈನಿಕರು ಸೇರಿ, ಗುಜರಿಗೆ ಬಿದ್ದಿದ್ದ ಹಳೇ ಹೆಲಿಕಾಪ್ಟರ್ ಒಂದನ್ನು ಲಾರಿಯಲ್ಲಿ ತರಿಸಿದರು. "ಸ್ವಾಮ್ಯೋರೆ, ನೀವಿರುವಾಗ ನಮ್ಗೇನ್ ಯೋಚ್ನೆ? ಹೊಸದರಂಗೆ ಮಾಡ್ಕೊಟ್ಬುಡಿ" ಅಂದರು. ಭಾವನಿಗೆ ಅತ್ತ ದರಿ, ಇತ್ತ ಪುಲಿ. ಹೂಂ ಅಂದರು.

"ಮೊದ್ಲು ತುಕ್ಕು ಉಜ್ರಪ್ಪ." ತಿಂಗಳುಗಟ್ಟಲೆ ಭಾವನದು ಇದೊಂದೇ ಮಾತು. ಮುರಿದ ರೆಕ್ಕೆ ಕೂಡಿಸಿದವನು ವೆಲ್ಡಿಂಗ್ ಅಂಗಡಿಯ ದಿಲೀಪ. ಹೆಸರು ಮಾತ್ರ ಭಾವನದು. ಅವರಿಗೋ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ. ವಯಸ್ಸಾಯಿತು, ಪಾಪ, ಅಂದುಕೊಂಡಿದ್ದೆ ನಾನು.

ಉದ್ಘಾಟನೆಯ ದಿನ ಸುಧಾಮಣಿ ಬಂದಳು. ಅವಳ ಗಂಡ ಸೇನೆಯಲ್ಲಿ ಹೆಲಿಕಾಪ್ಟರ್ ಹಾರಿಸುತ್ತಿದ್ದವನು, ತೀರಿಹೋಗಿದ್ದಾನೆ. "ನಮ್ಮೋರಂಥೋರ ಜೀವ ನಿಮ್ ಕೈಲಿತ್ತು ಕಣಣ್ಣ" ಅಂತ ಭಾವನ ಕಾಲಿಗೆ ಬಿದ್ದಳು. ಭಾವ ತಡೆಯಲಾರದೆ ಹೋಗಿ ಮೈಕ್ ಹಿಡಿದರು.

"ನಾನು ರಿಪೇರಿಯವ್ನಲ್ಲ ಕಣ್ರಪ್ಪ. ಅಡುಗೆಯವ್ನು. ಕೋಳಿ ಬೇಯಿಸ್ತಿದ್ದೆ."

ಆಮೇಲೆ ನೋಡಬೇಕಿತ್ತು ಆ ನಗು! "ಲಿಂಗ ಕಟ್ಟಿರೋರು ಕೋಳಿ ಬೇಯಿಸಾದಾ? ಸ್ವಾಮ್ಯೋರ ತಮಾಸೆ ನೋಡ್ಲಾ!" ಅಂತ ಯಾರೋ ಕೂಗಿದರು. "ನಿಜ ಕಣ್ರೋ" ಅಂತ ಭಾವ ಗೋಗರೆದಷ್ಟೂ ಚಪ್ಪಾಳೆ ಜೋರಾಯಿತು. ಶಾಲು ಹೊದಿಸಿಯೇಬಿಟ್ಟರು. ನಾನೂ ನಕ್ಕೆ, ಥೂ ನನ್ನ ಬುದ್ಧಿಗಿಷ್ಟು!

ಅಕ್ಕ ನಗಲಿಲ್ಲ. ಭಾವ ಈರುಳ್ಳಿ ಹೆಚ್ಚುವ ಕೈಚಳಕವನ್ನು ಇಷ್ಟು ವರ್ಷ ನೋಡಿದವಳು ಅವಳು. ಮನೆಗೆ ಬಂದು ಒಂದೇ ಮಾತು ಕೇಳಿದಳು: "ಅದೇ ಕೈಲಾ ದಿನಾ ಲಿಂಗ್‌ಪೂಜೆ ಮಾಡ್ತಿದ್ದದ್ದು?"

ಈಗಲೂ ಶಾಲೆಯವರು ನೋಡಲು ಬಂದರೆ ಹೆಲಿಕಾಪ್ಟರ್ ವಿಷಯ ಹೇಳಲು ಭಾವನನ್ನೇ ಕರೆಸುತ್ತಾರೆ. ಅವರೂ ಹೋಗಿ ಹೇಳಿ ಬರುತ್ತಾರೆ. ಎಲ್ಲರೂ ಕೈ ಮುಗಿಯುತ್ತಾರೆ. ಮನೆಗೆ ಬಂದರೆ ಅಕ್ಕ ಅವರ ಊಟದ ತಟ್ಟೆಯನ್ನು ಜಗುಲಿಯ ಮೇಲೇ ಇಟ್ಟು ಒಳಗೆ ಹೋಗುತ್ತಾಳೆ.